ತಿಂದದ್ದು ಮೈಗೆ ಹತ್ತದ ತಾಳವಾಡಿ ಕೋಳಿ

ಫೆಬ್ರವರಿ ಬಂತೆಂದರೆ ತಮಿಳುನಾಡು ಪಶುಸಂಗೋಪನಾ ಇಲಾಖೆಯವರು ಹಳ್ಳಿಹಳ್ಳಿಗಳಲ್ಲಿ ಕೋಳಿಗಳಿಗೆ ಲಸಿಕೆ ಹಾಕುವ ಶಿಬಿರ ನಡೆಸುತ್ತಾರೆ. ಸಾಮಾನ್ಯವಾಗಿ ಎರಡು ವಾರದ ಕಾರ್ಯಕ್ರಮ. ‘ಕೋಳಿ ಕಳಿಚ್ಚಲ್’ ತಡೆ ಶಿಬಿರವೆಂದು ತಮಿಳಿನಲ್ಲಿ ಇದರ ಹೆಸರು. ಕಳಿಚ್ಚಲ್ ಅಂದರೆ ಬೇರೇನಲ್ಲ, ನಾವು ಕೊಕ್ಕರೆ ರೋಗ ಅನ್ನುತ್ತೇವಲ್ಲ, ಅದೇ. ಡಾಕ್ಟರ ಬಾಯಲ್ಲಿ ರಾಣಿಖೇತ್. ಈರೋಡು ಜಿಲ್ಲೆಯ ತುತ್ತತುದಿಯಲ್ಲಿ, ಕನ್ನಡವೇ ಮನೆಮಾತಾಗಿರುವ ತಾಳವಾಡಿ ಸೀಮೆಗೂ ಈ ಕಾರ್ಯಕ್ರಮ ಸಲ್ಲುತ್ತದೆ. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಒಂದು ಸಲ ಕೊಕ್ಕರೆ ರೋಗ ಹೊಕ್ಕರೆ ಬೀದಿಗೆ ಬೀದಿಯೇ ಕೋಳಿ ಕೂಗಿಲ್ಲದೆ ಬೆಳಗಾಗುವುದನ್ನು ಕಂಡವರಿಗೆ ಲಸಿಕೆಯ ಬೆಲೆ ಗೊತ್ತು.

ಆದರೆ ರೋಗಕ್ಕೆ ಸಿಕ್ಕದೆ ಉಳಿದ ಕೋಳಿ ಚೆನ್ನಾಗಿದೆಯೆ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. “ಬೆಳಗಿಂದ ಮೇಯ್ತದೆ, ಕಾಳು ಹಾಕುದ್ರ ತಿಂತದೆ, ಆದ್ರ ಮೈಗತ್ತಲ್ಲ ಕನಪ್ಪ” ಎಂಬುದು ಹಿತ್ತಿಲಲ್ಲಿ ನಾಲ್ಕು ಹೇಂಟೆ ಸಾಕುವ ಹೆಂಗಸರ ಬಾಯಲ್ಲಿ ಬರುವ ಮಾತು. ಎತ್ತಿ ನೋಡಿದರೆ ಎದೆಮೂಳೆ ಕೈಗೆ ಚುಚ್ಚುತ್ತದೆ. ಜುಟ್ಟು ಬಿಳಿಚಿಕೊಂಡಿರುತ್ತದೆ. ದಿನ ಬಿಟ್ಟು ದಿನ ಇಡುತ್ತಿದ್ದ ಮೊಟ್ಟೆ ವಾರಕ್ಕೆ ಒಂದಕ್ಕೋ ಎರಡಕ್ಕೋ ಇಳಿದಿರುತ್ತದೆ. ಕಣ್ಣು ತಗುಲಿದೆ ಅನ್ನುವವರುಂಟು, ತಳಿ ಕೆಟ್ಟಿತು ಅನ್ನುವವರುಂಟು. ಹಾಗೆ ನೋಡಿದರೆ ಆ ಹೆಂಗಸರ ಮಾತೇ ಸರಿಯಾದ ರೋಗನಿರ್ಣಯ. ಕೋಳಿ ತಿನ್ನುತ್ತಿದೆ, ಮೈಗೆ ಹತ್ತುತ್ತಿಲ್ಲ. ಕರುಳಿನಲ್ಲಿ ಪಾಲಿಗೆ ಕೂತವರು ಬೇರೆ ಇದ್ದಾರೆ.

ಸತ್ತ ಕೋಳಿಯ ಲೆಕ್ಕ ಎಲ್ಲರೂ ಇಡುತ್ತಾರೆ, ಸೊರಗಿದ ಕೋಳಿಯ ಲೆಕ್ಕ ಯಾರೂ ಇಡುವುದಿಲ್ಲ. ಎಲ್ಲಾದರೂ ಹಕ್ಕಿಜ್ವರ ಕಂಡಿತೋ, ಗಡಿಯ ಚೆಕ್‌ಪೋಸ್ಟುಗಳಿಗೆ ಒಮ್ಮೆಲೇ ಎಚ್ಚರ ಬರುತ್ತದೆ. 2025ರ ಫೆಬ್ರವರಿ-ಮಾರ್ಚಿನಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಾಗ ಪತ್ರಿಕೆಗಳ ಮುಖಪುಟ ಮೀಸಲಾಯಿತು. ಜಂತುಹುಳಕ್ಕೆ ಚೆಕ್‌ಪೋಸ್ಟೂ ಇಲ್ಲ, ಮುಖಪುಟವೂ ಇಲ್ಲ. ಅದು ಕೊಲ್ಲುವುದು ಕಡಿಮೆ, ದಿನದಿನವೂ ಕದಿಯುವುದು ಹೆಚ್ಚು.

ಬೆಟ್ಟದ ಮೇಲಿನ ಸೀಮೆ

ಈ ಭಾಗವನ್ನು ಕಾಣದವರಿಗೆ ಎರಡು ಮಾತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯಾದಾಗ ಅದರ ಪಾಲಿಗೆ ಹೋಯಿತು. ಪ್ರತ್ಯೇಕ ತಾಲ್ಲೂಕಾಗಲು 2016ರ ತನಕ ಕಾಯಬೇಕಾಯಿತು. ಡಾ. ರಾಜ್‌ಕುಮಾರ್ ಹುಟ್ಟೂರು ಗಾಜನೂರು ಇಲ್ಲಿಯದೇ ಎಂಬುದು ಕರ್ನಾಟಕಕ್ಕೆಲ್ಲ ಗೊತ್ತು. 2000ದ ಜುಲೈ 30ರ ರಾತ್ರಿ ಅವರ ಅಪಹರಣ ನಡೆದ ಮೇಲಂತೂ ಊರಿನ ಹೆಸರು ಮನೆಮಾತಾಯಿತು. ಆಮೇಲೆ ಮತ್ತೆ ಯಾರಿಗೂ ಅದರ ನೆನಪಿಲ್ಲ.

ಜಿಲ್ಲಾ ಕೇಂದ್ರ ಈರೋಡು ಸೇರಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. 2022ರ ಫೆಬ್ರವರಿಯಿಂದ ಮದರಾಸು ಹೈಕೋರ್ಟಿನ ಆದೇಶದಂತೆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಹುಲಿ ಸಂರಕ್ಷಿತ ಪ್ರದೇಶ, ಪ್ರಾಣಿಗಳ ಜೀವ ಮುಖ್ಯ, ತಕರಾರಿಲ್ಲ. ಚಾಮರಾಜನಗರವಾದರೋ ಮೂವತ್ತು ಕಿಲೋಮೀಟರಿನೊಳಗೇ ಇದೆ. ಸಂತೆ, ಔಷಧಿ ಅಂಗಡಿ, ನೆಂಟಸ್ತಿಕೆ ಎಲ್ಲ ಆ ಕಡೆಗೆ; ಇಲಾಖೆ, ಯೋಜನೆ, ಅರ್ಜಿ ನಮೂನೆ ಎಲ್ಲ ಈ ಕಡೆಗೆ.

ಕೋಸು, ಆಲೂಗೆಡ್ಡೆ, ಮುಸುಕಿನ ಜೋಳ, ಅರಿಶಿನ, ಬಾಳೆ, ರಾಗಿ ಇಲ್ಲಿಯ ಬೆಳೆಗಳು. ಕೈಗೆ ಬಂದ ಬೆಳೆ ಒಂದು ರಾತ್ರಿ ಆನೆ ಇಳಿದರೆ ಬಾಯಿಗಿಲ್ಲ. ಹೀಗಿರುವಾಗ ಹಿತ್ತಿಲ ಕೋಳಿ ಸಣ್ಣ ಬಾಬತ್ತಲ್ಲ. ಹೊಲದ ದುಡ್ಡು ಗಂಡಸಿನ ಕೈಗೆ, ಸಾಲಕ್ಕೆ, ಗೊಬ್ಬರದ ಅಂಗಡಿಗೆ ಹೋಗುತ್ತದೆ. ಕೋಳಿ-ಮೊಟ್ಟೆಯ ದುಡ್ಡು ಹೆಂಗಸಿನ ಸೆರಗಿನ ಗಂಟಿನಲ್ಲಿ ನಿಲ್ಲುತ್ತದೆ. ಮಗುವಿನ ಪುಸ್ತಕ, ಬಸ್ ಚಾರ್ಜು, ನೆಂಟರು ಬಂದ ದಿನದ ಸಾರು ಎಲ್ಲ ಅದರಲ್ಲೇ. ಇದು ತಾಳವಾಡಿಯೊಂದರ ಕಥೆಯೂ ಅಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿ-ಹಕ್ಕಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಿಲಲ್ಲಿ ಮೇಯುವಂಥವು. 2012ರ ಗಣತಿಗಿಂತ ಇದು ಶೇಕಡ 46ರಷ್ಟು ಹೆಚ್ಚು. ದೇಶದ ಬೇರೆ ಬೇರೆ ಕಡೆ ಇಂಥ ಕೋಳಿಗಳ ಕರುಳು ಬಿಡಿಸಿ ನೋಡಿದ ಪಶುವೈದ್ಯರಿಗೆ ಬಹುಪಾಲು ಹಕ್ಕಿಗಳಲ್ಲಿ ಒಂದಲ್ಲ ಒಂದು ಹುಳು ಸಿಕ್ಕಿದೆ.

ಕರುಳಿನೊಳಗಿನ ಪಾಲುದಾರರು

ಕೋಳಿಯ ಸಣ್ಣ ಕರುಳು ನಾಲ್ಕೈದು ಅಡಿ ಉದ್ದ. ಒಳಗೋಡೆ ನುಣುಪಾದ ಕೊಳವೆಯಲ್ಲ. ಒರಟು ಟವೆಲಿನ ನೂಲಿನಂತೆ ಅಸಂಖ್ಯ ಸಣ್ಣ ಎಳೆಗಳು ಅದರ ತುಂಬ ನಿಂತಿರುತ್ತವೆ. ತಿಂದ ಕಾಳು ನುರಿದು, ಕರಗಿ, ಕೊನೆಗೆ ರಕ್ತಕ್ಕೆ ಸೇರುವುದು ಈ ಎಳೆಗಳ ಮೇಲ್ಮೈಯ ಜೀವಕೋಶಗಳ ಮೂಲಕ. ಸಕ್ಕರೆ, ಪ್ರೊಟೀನು ಒಡೆಯುವ ಕೊನೆಯ ಕಿಣ್ವಗಳೂ ಅಲ್ಲೇ ಇರುತ್ತವೆ. ಆ ಕೋಶಗಳ ಆಯುಸ್ಸು ಕೆಲವೇ ದಿನ. ಹಳೆಯದು ಉದುರುತ್ತದೆ, ಬುಡದಿಂದ ಹೊಸದು ಏರಿ ಬರುತ್ತದೆ.

ಪರಾವಲಂಬಿಗಳು ಕೈ ಹಾಕುವುದು ಈ ಟವೆಲಿಗೇ. ಗಾಯವಾದಾಗ ಎಳೆಗಳು ಮೊಟಕಾಗುತ್ತವೆ. ದುರಸ್ತಿಗೆಂದು ಬುಡದಿಂದ ಕೋಶಗಳು ಅವಸರವಸರವಾಗಿ ಹುಟ್ಟಿ ಮೇಲೇರುತ್ತವೆ, ಆದರೆ ಅವು ಇನ್ನೂ ಎಳಸು, ಕಿಣ್ವ ಕಮ್ಮಿ. ಕಾಳು ಅರೆಬರೆ ಕರಗಿ ನೀರುನೀರು ಹಿಕ್ಕೆಯಾಗಿ ಹೊರಗೆ ಹೋಗುತ್ತದೆ. ಸಾಲದ್ದಕ್ಕೆ ಗಾಯಗೊಂಡ ಗೋಡೆಯಿಂದ ಕೋಳಿಯ ರಕ್ತದ ಪ್ರೊಟೀನೇ ಕರುಳಿನೊಳಕ್ಕೆ ಸೋರುತ್ತದೆ. ಒಳಬರಬೇಕಾದದ್ದು ಬರಲಿಲ್ಲ, ಒಳಗಿದ್ದದ್ದೂ ಹೊರಟಿತು. ಇದರ ಜೊತೆಗೆ ಹಸಿವೂ ಕುಗ್ಗುತ್ತದೆ. ಸೊರಗುವಿಕೆಯ ದೊಡ್ಡ ಪಾಲು ಈ ಹಸಿವು ಸತ್ತದ್ದರಿಂದಲೇ ಆಗುತ್ತದೆ.

ಹಿತ್ತಿಲ ಕೋಳಿಯಲ್ಲಿ ಮೂರು ಬಗೆಯವರನ್ನು ಮುಖ್ಯವಾಗಿ ಹೇಳಬೇಕು. ಮೊದಲನೆಯದು ದುಂಡುಹುಳು, ಶಾಸ್ತ್ರದ ಹೆಸರು ಅಸ್ಕರೀಡಿಯಾ ಗ್ಯಾಲಿ. ಬಲಿತದ್ದು 5ರಿಂದ 11 ಸೆಂಟಿಮೀಟರ್ ಉದ್ದ, ದಪ್ಪ ಬಿಳಿ ದಾರದ ಹಾಗೆ. ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆ ಬೆಚ್ಚಗೆ ತೇವವಿರುವ ಮಣ್ಣಿನಲ್ಲಿ ಎರಡು-ಮೂರು ವಾರದೊಳಗೆ ಸೋಂಕು ತಗುಲಿಸಲು ಸಿದ್ಧವಾಗುತ್ತದೆ, ಅಲ್ಲಿಂದ ತಿಂಗಳುಗಟ್ಟಲೆ ಕಾದು ಕೂರುತ್ತದೆ. ಕೋಳಿ ಕೆದಕಿ ಹೆಕ್ಕಿದಾಗ ಒಳಹೋಗಿ ಒಡೆಯುತ್ತದೆ. ಮರಿಹುಳು ಕೆಲವು ದಿನದಲ್ಲೇ ಕರುಳಿನ ಗೋಡೆಯೊಳಕ್ಕೆ ತೂರಿ, ವಾರಕ್ಕೂ ಹೆಚ್ಚು ಅಲ್ಲೇ ಇದ್ದು ಮತ್ತೆ ಹೊರಬರುತ್ತದೆ. ದೊಡ್ಡ ಗಾಯ ಆಗುವುದು ಈ ಅವಧಿಯಲ್ಲೇ. ಅದು ಬಲಿತು ಮೊಟ್ಟೆಯಿಡಲು ಐದರಿಂದ ಎಂಟು ವಾರ ಬೇಕು. ಅಂದರೆ ಕೋಳಿ ಕೊಯ್ದಾಗ ಹುಳು ಕಣ್ಣಿಗೆ ಬೀಳುವ ಹೊತ್ತಿಗೆ ನಷ್ಟದ ಮುಕ್ಕಾಲು ಭಾಗ ಆಗಿಹೋದ ಸಂಗತಿ. ತೀರಾ ಹೆಚ್ಚಾದರೆ ಹುಳುಗಳು ಮುದ್ದೆಗಟ್ಟಿ ಕರುಳಿಗೇ ಅಡ್ಡ ಕೂರುವುದೂ ಉಂಟು.

ಎರಡನೆಯದು ಲಾಡಿಹುಳು. ಇದಕ್ಕೆ ಬಾಯೂ ಇಲ್ಲ, ಹೊಟ್ಟೆಯೂ ಇಲ್ಲ. ಕರುಳಿಗೆ ಕಚ್ಚಿಕೊಂಡು, ಕೋಳಿ ಕರಗಿಸಿಟ್ಟ ಆಹಾರವನ್ನು ಇಡೀ ಮೈಚರ್ಮದಿಂದ ಹೀರುತ್ತದೆ. ಅಡುಗೆ ಯಾರದೋ, ಊಟ ಯಾರದೋ! ರೈಲೆಟೈನಾ ಜಾತಿಯ ಒಂದು ಬಗೆ ಕರುಳಿನಲ್ಲಿ ಗಂಟುಗಳನ್ನೇ ಎಬ್ಬಿಸುತ್ತದೆ. ಇದು ಹಿಕ್ಕೆಯಿಂದ ನೇರ ಬರುವುದಿಲ್ಲ. ಇರುವೆ, ಸಗಣಿ ಜೀರುಂಡೆ, ಮನೆನೊಣ ಇವುಗಳ ಹೊಟ್ಟೆ ಸೇರಿ, ಅವನ್ನು ಕೋಳಿ ಹೆಕ್ಕಿದಾಗ ಬರುತ್ತದೆ. ತಿಪ್ಪೆಯ ಪಕ್ಕದಲ್ಲೇ ಕೋಳಿಗೂಡು ಕಟ್ಟುವ ನಮ್ಮ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. (ಸಗಣಿಯನ್ನು ಬೈದರೆ ದೀಪಾವಳಿಯಲ್ಲಿ ಗೊರೆಹಬ್ಬ ಆಡುವ ಗುಮಟಾಪುರದವರು ಸುಮ್ಮನಿದ್ದಾರೆಯೆ? ತಪ್ಪು ಸಗಣಿಯದಲ್ಲ, ಗೂಡು ಕಟ್ಟಿದ ಜಾಗದ್ದು.)

ಮೂರನೆಯದು ಹುಳುವೇ ಅಲ್ಲ, ಕಣ್ಣಿಗೆ ಕಾಣದ ಏಕಾಣು ಜೀವಿ ಐಮೀರಿಯಾ. ಅದರಿಂದ ಬರುವುದೇ ರಕ್ತಭೇದಿ, ಕಾಕ್ಸಿಡಿಯೋಸಿಸ್. ರಕ್ತಭೇದಿ ಎಂಬ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ರಕ್ತ ಕಾಣುವುದು ಮುಖ್ಯವಾಗಿ ಕುರುಡುಗರುಳಿಗೆ ತಗುಲುವ ಟೆನೆಲ್ಲಾ, ನಡುಗರುಳಿಗೆ ತಗುಲುವ ನೆಕಾಟ್ರಿಕ್ಸ್ ಎಂಬ ಬಗೆಗಳಲ್ಲಿ. ಹಿಕ್ಕೆ ಕೆಂಪಾಯಿತೆಂದರೆ ಯಾರಾದರೂ ಔಷಧಿ ತರಲು ಓಡುತ್ತಾರೆ. ಆದರೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ ನೆಲೆಸುವ ಅಸರ್ವುಲಿನಾ ಎಂಬ ಬಗೆ ಸಾಮಾನ್ಯವಾಗಿ ರಕ್ತ ತೋರಿಸುವುದಿಲ್ಲ. ಕೊಬ್ಬು, ಸತು, ವಿಟಮಿನ್ ಹೀರುವ ಜಾಗಕ್ಕೇ ಅದು ಬೆಂಕಿಯಿಡುತ್ತದೆ. ಸದ್ದು ಮಾಡುವ ಕಳ್ಳನ ಹಿಂದೆ ಊರೆಲ್ಲ ಓಡುತ್ತದೆ, ಸದ್ದಿಲ್ಲದವನು ಕಣಜದಲ್ಲೇ ಕೂತಿರುತ್ತಾನೆ.

ಇದನ್ನು ಪತ್ತೆ ಮಾಡಲು ತಾಳವಾಡಿಯವರ ಮನೆಯಲ್ಲೇ ಒಂದು ಗುರುತು ಇದೆ. ಮುಸುಕಿನ ಜೋಳದ ಹಳದಿ ಬಣ್ಣವೇ ಕೋಳಿಯ ಕಾಲಿಗೂ ಮೊಟ್ಟೆಯ ಭಂಡಾರಕ್ಕೂ ಹಳದಿ ಕೊಡುವುದು. ಆ ಬಣ್ಣ ಕೊಬ್ಬಿನ ಜೊತೆ ಕರುಳಿನಿಂದ ಹೀರಿಕೆಯಾಗಬೇಕು. ದಿನವೂ ಹಳದಿ ಜೋಳ ತಿನ್ನುವ ಹಳದಿ ಕಾಲಿನ ಕೋಳಿಯ ಕಾಲು ಬಿಳಿಚಿದರೆ, ಭಂಡಾರ ಸಪ್ಪೆಯಾದರೆ, ಕರುಳಿನ ಟವೆಲು ಹರಿದಿದೆ ಎಂದು ಅನುಮಾನಿಸಬೇಕು. ಕರಿಕಾಲಿನ ನಾಟಿ ಕೋಳಿಯಲ್ಲಿ ಕಾಲು ಏನೂ ಹೇಳುವುದಿಲ್ಲ, ಜುಟ್ಟು ಮತ್ತು ಭಂಡಾರ ನೋಡಬೇಕಷ್ಟೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆ ಬಣ್ಣದಲ್ಲಿ ಒಂದು ಪಾಲು ಮೈಯೊಳಗೆ ‘ಎ’ ವಿಟಮಿನ್ ಆಗುತ್ತದೆ. ಕರುಳಿನ ಗೋಡೆ ಗಟ್ಟಿ ಇರಲು ‘ಎ’ ವಿಟಮಿನ್ ಬೇಕು, ಹುಳು ಸೇರಿದರೆ ಆ ವಿಟಮಿನ್ನೇ ಹೀರಿಕೆಯಾಗುವುದಿಲ್ಲ, ವಿಟಮಿನ್ ಇಲ್ಲದ ಕರುಳಿನಲ್ಲಿ ಹುಳು ಇನ್ನಷ್ಟು ಸಲೀಸಾಗಿ ಬೇರೂರುತ್ತದೆ. ಪ್ರೊಟೀನಿನದೂ ಇದೇ ಕಥೆ. ಜೋಳವೊಂದನ್ನೇ ಎಸೆದರೆ ಲೈಸಿನ್ ಎಂಬ ಅಂಶ ಕೊರೆಬೀಳುತ್ತದೆ. ಹಿಂದೆ ಅಜ್ಜಿಯರು ಮಡಕೆಗೆ ಸಗಣಿ ತುಂಬಿ ಕವುಚಿಟ್ಟು ಗೆದ್ದಲು ಹಿಡಿದು ಪಿಳ್ಳೆಗಳಿಗೆ ಹಾಕುತ್ತಿದ್ದರಲ್ಲ, ಅದು ಸುಮ್ಮನೆ ಅಲ್ಲ. ಗೆದ್ದಲು ಅಂದರೆ ಪ್ರೊಟೀನು.

ನಷ್ಟ ಎಷ್ಟೆಂದು ಲೆಕ್ಕಕ್ಕೆ ಹಿಡಿಯೋಣ. ಹತ್ತು ಕೋಳಿ, ತಲೆಗೆ ದಿನಕ್ಕೆ 80 ಗ್ರಾಂ ಆಹಾರ. ಅದರಲ್ಲಿ ಹತ್ತರಲ್ಲೊಂದು ಪಾಲು ಮೈಗೆ ಹತ್ತದೆ ಹೋಯಿತೆಂದರೆ ದಿನಕ್ಕೆ 80 ಗ್ರಾಂ, ವರ್ಷಕ್ಕೆ 29 ಕಿಲೋ. ಹನ್ನೊಂದನೆಯ ಕೋಳಿಯೊಂದನ್ನು ವರ್ಷಪೂರ್ತಿ ಸಾಕಿದ ಹಾಗಾಯಿತು. ಆ ಹನ್ನೊಂದನೆಯದು ಮೊಟ್ಟೆ ಇಡುವುದಿಲ್ಲ, ಮಾರಲಿಕ್ಕೂ ಆಗುವುದಿಲ್ಲ.

ಲಸಿಕೆಗೂ ಹುಳಕ್ಕೂ ಏನು ನಂಟು?

ಇಷ್ಟು ಹೇಳಿದ್ದು ಫೆಬ್ರವರಿ ಶಿಬಿರಕ್ಕೆ ಹಿಂತಿರುಗುವುದಕ್ಕಾಗಿ. ದುಂಡುಹುಳು ತುಂಬಿದ ಕೋಳಿಯಲ್ಲಿ ರಾಣಿಖೇತ್ ಲಸಿಕೆಗೆ ಹುಟ್ಟಬೇಕಾದ ರಕ್ಷಣೆ ತಗ್ಗಬಹುದೆಂದು ಪ್ರಯೋಗಗಳು ತೋರಿಸಿವೆ. ಲಸಿಕೆಗೆ ವಾರದಷ್ಟು ಮೊದಲು ಹುಳದ ಔಷಧಿ ಕೊಡಿ ಎಂದು ಪಶುವೈದ್ಯರು ಹೇಳುವುದು ಸುಮ್ಮನೆ ಅಲ್ಲ. ಇನ್ನು ತಾಳವಾಡಿಯ ಮಳೆಗಾಲ ನೋಡಿ: ಅಕ್ಟೋಬರಿನಿಂದ ಹಿಂಗಾರು, ಅಂಗಳವೆಲ್ಲ ಕೆಸರು. ಆಗ ಹೊಟ್ಟೆ ಸೇರಿದ ಹುಳು ಬಲಿತು ನಿಲ್ಲುವುದು ಡಿಸೆಂಬರ್-ಜನವರಿಯ ಹೊತ್ತಿಗೆ. ಸರಿಯಾಗಿ ಅದೇ ಕೋಳಿಗೆ ಫೆಬ್ರವರಿಯಲ್ಲಿ ಸೂಜಿ ಚುಚ್ಚುತ್ತೇವೆ.

ಆದ್ದರಿಂದ ಕೇಳಬೇಕಾದ್ದು ದೊಡ್ಡದೇನಲ್ಲ. ಶಿಬಿರದ ಹೆಸರು, ಗುರಿ, ಅಂಕಿ ಎಲ್ಲವೂ ಲಸಿಕೆಯವು. ಅದರ ಬೆನ್ನಿಗೆ ಜನವರಿ ಮೂರನೆಯ ವಾರದಲ್ಲಿ ಹುಳದ ಔಷಧಿಯ ಒಂದು ಸುತ್ತನ್ನು ಜೋಡಿಸಿದರೆ ಹಾಕಿದ ಲಸಿಕೆಗೂ ಬೆಲೆ ಬಂದೀತು. ಜೂನ್-ಜುಲೈನಲ್ಲಿ ಮತ್ತೊಂದು ಸುತ್ತು. ಮಕ್ಕಳಿಗೆ ಇದನ್ನೇ ಮಾಡುತ್ತಿದ್ದೇವೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂದು ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ನುಂಗಿಸಲಾಗುತ್ತಿದೆ. ಮಗು ತಿಂದದ್ದು ಮೈಗೆ ಹತ್ತಲಿ ಎಂಬುದೇ ಅಲ್ಲಿಯೂ ಉದ್ದೇಶ.

ಮರಿ ಹಂಚುವ ಯೋಜನೆಗಳಿಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 2018ರ ಆಸುಪಾಸಿನಲ್ಲಿ ತಮಿಳುನಾಡು ಸರಕಾರ ಹಳ್ಳಿಯ ಬಡ ಹೆಂಗಸರಿಗೆ ತಲಾ 50 ನಾಟಿ ಮರಿ ಕೊಡುವ ಯೋಜನೆ ತಂದಿತು. ಕೊಡುತ್ತಿದ್ದದ್ದು ನಾಲ್ಕು ವಾರದ ಮರಿಗಳನ್ನು. ಕಾಕ್ಸಿಡಿಯೋಸಿಸ್ ಅತಿ ಹೆಚ್ಚು ಕಾಡುವುದು ಮೂರರಿಂದ ಆರು ವಾರದ ಮರಿಯನ್ನು. ಅಲ್ಲಿಯವರೆಗೆ ಶೆಡ್ಡಿನಲ್ಲಿ, ಔಷಧಿ ಬೆರೆತ ಆಹಾರದಲ್ಲಿ ಬೆಳೆದ ಮರಿಗೆ ಹಿತ್ತಿಲ ಮಣ್ಣಿನ ಪರಿಚಯವೇ ಇರುವುದಿಲ್ಲ. ಮಂಕರಿಯಿಂದ ಇಳಿಸಿದ ದಿನದಿಂದಲೇ ಸೋಂಕು ಶುರು. ದುಂಡುಹುಳು ಕೂಡ ಮೂರು ತಿಂಗಳೊಳಗಿನ ಮರಿಗಳನ್ನೇ ಹೆಚ್ಚು ಹಣ್ಣು ಮಾಡುತ್ತದೆ. ಮರಿಯ ಜೊತೆ ಒಂದು ಪುಡಿಕೆ ಔಷಧಿ, ಒಂದು ಹಾಳೆ ತಿಳಿವಳಿಕೆ ಕೊಡದೆ ಬರೀ ಮರಿ ಕೊಟ್ಟರೆ ಅದು ಕಣ್ಣೊರೆಸುವ ಕೆಲಸವಾದೀತು.

ಆ ಹಾಳೆ ಯಾವ ಭಾಷೆಯಲ್ಲಿರಬೇಕು? ಈರೋಡಿನಿಂದ ಬರುವ ತಿಳಿವಳಿಕೆಯ ಭಾಷೆ ತಮಿಳು. ‘ಕುಡರ್‌ಪುಳು ನೀಕ್ಕಂ’ ಎಂದು ಬರೆದರೆ ಹುಳ ತೆಗೆಯುವುದು ಎಂದು ಇಲ್ಲಿಯ ಹಿರಿಯ ಹೆಂಗಸಿಗೆ ಹೊಳೆಯುವುದು ಹೇಗೆ? ಮಾತಾಡಲು ತಮಿಳು ಬಂದೀತು, ಓದಲು ಬರಬೇಕಲ್ಲ. ಔಷಧಿಯ ಪ್ರಮಾಣ ಮಾತಿನಲ್ಲಿ ಅಂದಾಜಿಗೆ ಸಿಕ್ಕುವ ವಿಷಯವಲ್ಲ. ಅತ್ತ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರೂ ಹೆಬ್ಬಾಳದ ಪಶುವೈದ್ಯ ಕಾಲೇಜಿನವರೂ ಕನ್ನಡದಲ್ಲಿ ಕೋಳಿ ಸಾಕಣೆಯ ಪುಸ್ತಿಕೆ ತರುತ್ತಾರೆ. ಗಿರಿರಾಜ ಕೋಳಿಯನ್ನು 1989ರಲ್ಲಿ ಕೊಟ್ಟ ಹೆಬ್ಬಾಳ ಅದು. ಗಡಿ ಕನ್ನಡಿಗರ ಹೆಸರಿನಲ್ಲಿ ಸಭೆ, ಸನ್ಮಾನ, ಧ್ವಜಾರೋಹಣ ಬೇಕಾದಷ್ಟು ನಡೆಯುತ್ತವೆ. ಪುಣಜನೂರು ಚೆಕ್‌ಪೋಸ್ಟ್ ದಾಟಿ ಇಂಥ ನೂರು ಪುಸ್ತಿಕೆ ಬಂದರೆ ಕನ್ನಡಕ್ಕೆ ಅದೂ ಸೇವೆಯೇ. ತಮಿಳುನಾಡಿನ ಇಲಾಖೆಯೂ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ತಮಿಳಿಗೇನೂ ಕುಂದು ಬಾರದು.

ಇನ್ನು ನಾಮಕ್ಕಲ್ಲಿನಂಥ ದೊಡ್ಡ ಫಾರಂಗಳ ಸಲಹೆಯನ್ನು ಹಾಗೆಯೇ ಹಿತ್ತಿಲಿಗೆ ತರುವಂತಿಲ್ಲ. ಅಲ್ಲಿಯ ಕೋಳಿ ತಂತಿ ಪಂಜರದಲ್ಲಿ, ತನ್ನ ಹಿಕ್ಕೆಯಿಂದ ಮೇಲಿರುತ್ತದೆ. ದುಂಡುಹುಳುವಿನ ಚಕ್ರ ಅಲ್ಲೇ ತುಂಡಾಗುತ್ತದೆ, ನೊಣದಿಂದ ಲಾಡಿಹುಳು ಬರುವುದು ಬೇರೆ ಮಾತು. ನಮ್ಮದು ತನ್ನ ಹಿಕ್ಕೆಯ ಮೇಲೆಯೇ ಹೆಕ್ಕಿ ತಿನ್ನುವ ಕೋಳಿ.

ಅಂಗಡಿಯಿಂದ ಕುರಿಗೆ ತಂದ ಔಷಧಿಯನ್ನೇ ಮುಚ್ಚಳದಲ್ಲಿ ಅಳೆದು ಕೋಳಿಗೂ ಕುಡಿಸುವುದು ಹಳ್ಳಿಗಳಲ್ಲಿ ನಡೆದೇ ಇದೆ. ಕಡಿಮೆ ಪ್ರಮಾಣ ಕೊಟ್ಟರೆ ಹುಳು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ; ಕುರಿಗಳ ಹುಳುಗಳಲ್ಲಿ ನಮ್ಮ ದೇಶದಲ್ಲೂ ಇದು ಆಗಿಹೋಗಿದೆ. ಔಷಧಿಗಳೂ ಒಂದೇ ಅಲ್ಲ. ಪೈಪರಜೀನ್ ಬಲಿತ ದುಂಡುಹುಳುವನ್ನು ಬೀಳಿಸುತ್ತದೆ, ಗೋಡೆಯೊಳಗಿನ ಮರಿಹುಳು ಉಳಿಯುತ್ತದೆ, ಹಾಗಾಗಿ ಕೆಲವು ವಾರ ಬಿಟ್ಟು ಮತ್ತೆ ಕೊಡಬೇಕು. ಲಾಡಿಹುಳಕ್ಕೆ ಅದು ನಾಟುವುದೇ ಇಲ್ಲ. ಕಾಕ್ಸಿಡಿಯೋಸಿಸ್‌ಗೆ ಕೊಡುವ ಆಂಪ್ರೋಲಿಯಂ ಬೇರೆಯದೇ. ಅದು ‘ಬಿ-1’ ವಿಟಮಿನ್ನಿನ ವೇಷ ಹಾಕಿ ಆ ಜೀವಿಯನ್ನು ಮೋಸ ಮಾಡುವಂಥದು, ಜೊತೆಗೆ ‘ಬಿ’ ಟಾನಿಕ್ ಕುಡಿಸಿದರೆ ಔಷಧಿ ವ್ಯರ್ಥ. ಯಾವುದು ಬೇಕೆಂದು ತಿಳಿಯಲು ಪಶು ಆಸ್ಪತ್ರೆಯಲ್ಲಿ ಒಂದು ಸೂಕ್ಷ್ಮದರ್ಶಕ, ನೋಡಲು ಒಬ್ಬರು ಇದ್ದರೆ ಸಾಕು. ಹತ್ತು ನಿಮಿಷದ ಕೆಲಸ. ಬೆಂಕಿಪೊಟ್ಟಣದಲ್ಲಿ ಅಂದಿನ ಹಿಕ್ಕೆ ಒಯ್ದು ಕೇಳುವ ಅಭ್ಯಾಸವನ್ನು ನಮ್ಮವರೂ ಮಾಡಿಕೊಳ್ಳಬೇಕು. ಕೇಳುವವರಿಲ್ಲದ ಕಡೆ ಸೂಕ್ಷ್ಮದರ್ಶಕ ಇದ್ದರೂ ಬೀರುವಿನಲ್ಲೇ ಇರುತ್ತದೆ.

ಔಷಧಿಗಿಂತ ಮೊದಲು ಗೂಡು. ಗೂಡಿನ ನೆಲ ಒಂದಡಿ ಎತ್ತರದಲ್ಲಿ, ಬಿದಿರಿನ ಸಂದು ಬಿಟ್ಟು ಹಾಸಿದರೆ ರಾತ್ರಿಯ ಹಿಕ್ಕೆ ಕೆಳಕ್ಕೆ ಬೀಳುತ್ತದೆ. ಅದನ್ನು ಬೆಳಿಗ್ಗೆ ಬಳಿದು ಕೋಳಿ ಕೆದಕಲಾಗದ ಗುಂಡಿಗೆ ಹಾಕಿ ಮುಚ್ಚಬೇಕು. ನೀರಿನ ಬಟ್ಟಲಿನ ಸುತ್ತ ಕೆಸರಾಗದಂತೆ ಕಲ್ಲು ಹಾಸಬೇಕು, ಹುಳುವಿನ ಮೊಟ್ಟೆಗೆ ಬೇಕಾದ್ದು ಆ ತೇವವೇ. ಪಿಳ್ಳೆಗಳನ್ನು ದೊಡ್ಡ ಕೋಳಿ ಮೆಯ್ದ ಜಾಗಕ್ಕೆ ಎರಡು-ಮೂರು ತಿಂಗಳು ಬಿಡದಿದ್ದರೆ ಅರ್ಧ ಗೆದ್ದಂತೆ, ತಾಯಿಯ ಜೊತೆ ಬೇರೆ ಮೂಲೆಯಲ್ಲಿ ಮೇಯಲಿ. ಬೆಳ್ಳುಳ್ಳಿ, ಅರಿಶಿನ, ಬೇವು ಅರೆದು ಕೊಡುವವರು ಕೊಡಲಿ, ಕೆಡುಕೇನಿಲ್ಲ. ಆದರೆ ಕರುಳು ತುಂಬ ಹುಳು ಕಟ್ಟಿಕೊಂಡ ಕೋಳಿಗೆ ಅದನ್ನೇ ನಂಬಿ ಕೂರುವುದು ಈ ಲೇಖಕನಿಗೆ ಸರಿಕಾಣುವುದಿಲ್ಲ.

ಔಷಧಿ ಕೊಟ್ಟ ಮಾರನೆಯ ಒಂದೆರಡು ದಿನದ ಹಿಕ್ಕೆಯನ್ನು ತಪ್ಪದೆ ಗುಡಿಸಿ ಹೂಳಬೇಕು, ಇಲ್ಲವಾದರೆ ಬಿದ್ದ ಹುಳುವಿನ ಹೊಟ್ಟೆಯ ಮೊಟ್ಟೆಗಳೆಲ್ಲ ಮತ್ತೆ ಅಂಗಳಕ್ಕೇ. ಎಷ್ಟು ದಿನ ಆ ಕೋಳಿಯ ಮೊಟ್ಟೆ, ಮಾಂಸ ತಿನ್ನಬಾರದೆಂಬುದನ್ನು ಡಾಕ್ಟರನ್ನು ಕೇಳಿಯೇ ತಿಳಿಯಬೇಕು, ಔಷಧಿಯಿಂದ ಔಷಧಿಗೆ ಅದು ಬೇರೆ. ಕೋಳಿಯ ದುಂಡುಹುಳು ಮನುಷ್ಯರಿಗೆ ಬಂದೀತೆ ಎಂದು ಅಂಜುವವರಿದ್ದಾರೆ. ಬರುವುದಿಲ್ಲ, ಮನುಷ್ಯರ ದುಂಡುಹುಳು ಬೇರೆಯೇ ಜಾತಿ. ಅಪರೂಪಕ್ಕೆ ಮೊಟ್ಟೆಯೊಳಗೆ ಒಂದು ಹುಳು ಕಂಡು ಗಾಬರಿಯಾಗುವುದುಂಟು. ಆ ಮೊಟ್ಟೆಯನ್ನು ಎಸೆದು, ಇಟ್ಟ ಹೇಂಟೆ ಯಾವುದೆಂದು ನೋಡಿಕೊಂಡರೆ ಸಾಕು.